ಮಂಗಳವಿಲ್ಲದ ಕಛೇರಿ

ಫೆಬ್ರುವರಿ ೩, ಸೋಮವಾರ

ನಾನು, ಶ್ರೀಮತಿ ಭಾಗೀರಥಮ್ಮ ವಾದಿರಾಜ, ಎಂ.ಎ., ಬಿ.ಎಡ್., ಚಾಮರಾಜಪೇಟೆಯ ಬಾಲಿಕಾ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ಕನ್ನಡ ಅಧ್ಯಾಪಕಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು, ಬಸವನಗುಡಿಯ ಸ್ವಗೃಹದಲ್ಲಿ ಕುಳಿತು ಈ ದಿನಚರಿಯನ್ನು ಆರಂಭಿಸಿದ್ದೇನೆ. ಇದು ಅರ್ಜಿಯಲ್ಲ, ನನ್ನ ಹೊರತು ಬೇರೆ ಯಾರೂ ಓದತಕ್ಕದ್ದೂ ಅಲ್ಲ. ಆದರೂ ಹೆಸರು, ಸೇವಾವಧಿಗಳಿಲ್ಲದ ಬರಹವನ್ನು ಕಂಡರೆ ನನಗೆ ನೋಂದಣಿ ಸಂಖ್ಯೆ ಬರೆಯದ ಉತ್ತರಪತ್ರಿಕೆಯನ್ನು ಕಂಡಂತಾಗುತ್ತದೆ.

ಬರೆಯಲು ಕಾರಣ ಡಾಕ್ಟರು. ಇವರಿಗೆ, ಎಂದರೆ ನನ್ನ ಯಜಮಾನರಿಗೆ, ಪಾರ್ಕಿನ್ಸನ್ ಇದೆಯೆಂದು ತಿಳಿದು ಎರಡು ವರ್ಷವಾಯಿತು. ಕೈನಡುಕ ಮಾತ್ರೆಗಳಿಂದ ಹಿಡಿತಕ್ಕೆ ಬಂದಿದೆ. ಈಗಿನ ತೊಂದರೆ ಕಾಲಿನದು. ಹಜಾರದಲ್ಲಿ ಸರಾಗವಾಗಿ ನಡೆದು ಬರುವವರು ಹೊಸಿಲು ಕಂಡೊಡನೆ ನಿಂತುಬಿಡುತ್ತಾರೆ, ಪಾದಗಳನ್ನು ಯಾರೋ ಅಂಟು ಹಾಕಿ ನೆಲಕ್ಕೆ ಒತ್ತಿದಂತೆ. ನಮ್ಮದು ಹಳೆಯ ಮನೆ, ಬಾಗಿಲಿಗೊಂದು ಹೊಸಿಲು.

ಡಾಕ್ಟರು ಇಂದು ಇವರನ್ನು ನಡೆಸಿ ನೋಡಿ, ನನ್ನ ಕಡೆ ತಿರುಗಿ, "ಮೇಡಂ, ನೀವು ಹಿಂದೆ ನಿಂತ್ಕೊಂಡು 'ನಡೀರಿ, ನಡೀರಿ' ಅಂತೀರಾ?" ಎಂದರು. ಅನ್ನುತ್ತೇನೆ ಎಂದೆ.

"ಅನ್ಬೇಡಿ. ಅವಸರ ಮಾಡಿದಷ್ಟೂ ಕಾಲು ಕಚ್ಕೊಳುತ್ತೆ. ತಿದ್ದಲೇಬೇಕು ಅನ್ಸಿದ್ರೆ ಎಲ್ಲಾದ್ರೂ ಬರೆದಿಟ್ಕೊಳ್ಳಿ."

ಆ ಹೊತ್ತಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಮೀಸೆಯೊಳಗೆ ನಕ್ಕಿದ್ದನ್ನು ನಾನು ಗಮನಿಸಿದ್ದೇನೆ. ಇಗೋ, ಬರೆದಿಟ್ಟಿದ್ದೇನೆ.

ಇವರದು ಒಂದೇ ಹಟ. ಹಬ್ಬದಿಂದ ಹಿಡಿದು ತಿಂಗಳವರೆಗೆ ನಡೆಯುವ ಚಾಮರಾಜಪೇಟೆಯ ರಾಮನವಮಿ ಸಂಗೀತ ಕಛೇರಿಗೆ ಹೋಗುವುದಾದರೆ ಸ್ವಂತ ಕಾಲಿನ ಮೇಲೆ ಚಪ್ಪರದೊಳಗೆ ಹೋಗುತ್ತಾರಂತೆ. ಗಾಲಿಕುರ್ಚಿಯಲ್ಲಿ ಕುಳಿತು ಬರುವುದಿಲ್ಲವಂತೆ. ಹೋದ ವರ್ಷ ಹೋಗಲಿಲ್ಲ. ಇವರಿಲ್ಲದೆ ನಾನೂ ಹೋಗಲಿಲ್ಲ. ಮದುವೆಯಾದಂದಿನಿಂದ ನಮಗೆ ತಪ್ಪಿದ್ದು ಅದೊಂದೇ ವರ್ಷ. ಈ ಸಲವೂ ತಪ್ಪಿದರೆ ಇನ್ನೆಂದಿಗೂ ತಪ್ಪಿದಂತೆಯೇ ಎಂದು ನನ್ನ ಅಭಿಪ್ರಾಯ. ಇದನ್ನೂ ಬಾಯಿಬಿಟ್ಟು ಹೇಳಿಲ್ಲ; ಬರೆದಿದ್ದೇನೆ.

ಫೆಬ್ರುವರಿ ೫, ಬುಧವಾರ

ಡಾಕ್ಟರು ಕಳುಹಿಸಿದ ಫಿಸಿಯೋಥೆರಪಿ ಹುಡುಗಿ ಬಂದಿದ್ದಳು. ಹೆಸರು ಧೃತಿ. ಹೆಸರಿನ ಅರ್ಥ ಕೇಳಿದೆ, "ಧೈರ್ಯ ಅಲ್ವಾ ಮೇಡಂ?" ಎಂದಳು. ಪರವಾಗಿಲ್ಲ. ಇವಳ ತಾಯಿ ನನ್ನ ವಿದ್ಯಾರ್ಥಿನಿಯಂತೆ.

"ನಿಮ್ಮ ಹೆಸರು ಹೇಳಿದ ತಕ್ಷಣ ನಮ್ಮಮ್ಮ ಸೋಫಾದಲ್ಲಿ ನೆಟ್ಟಗೆ ಕೂತ್ಕೊಂಡ್ರು ಮೇಡಂ," ಎಂದಳು. ತಾಯಿಯನ್ನು ಸರಿಯಾಗಿ ಬೆಳೆಸಿದ್ದೇನೆ ಎನ್ನಿಸಿತು. ಇವಳು ಇವರನ್ನು ತಾತ ಎನ್ನುತ್ತಾಳೆ, ನನ್ನನ್ನು ಮೇಡಂ ಎನ್ನುತ್ತಾಳೆ. ಈ ಸಂಬಂಧ ಯಾವ ಲೆಕ್ಕದಲ್ಲಿ ಹೊಂದುತ್ತದೋ ತಿಳಿಯದು.

ಹೊಸಿಲುಗಳನ್ನೆಲ್ಲ ತೆಗೆಸಿಬಿಡಿ ಎಂದಳು. ಶುಕ್ರವಾರ ಅರಿಸಿನ ಕುಂಕುಮ ಎಲ್ಲಿಗೆ ಹಚ್ಚಲಿ, ನಿನ್ನ ಹಣೆಗೋ ಎಂದು ಕೇಳಿದೆ. ಆಮೇಲೆ ಆ ಮಾತೆತ್ತಲಿಲ್ಲ. ತನ್ನ ಫೋನಿನಿಂದ ನಮ್ಮ ಟೀವಿಗೆ ಏನನ್ನೋ ಹತ್ತಿಸಿದಳು. ಪರದೆಯ ಮೇಲೆ ಸಮುದ್ರ ಕಾಣುವ ಒಂದು ಮರದ ಮನೆ, ಕಿಟಕಿ, ಕಿಟಕಿಯಲ್ಲಿ ಮಲಗಿದ ಕಂದುಬಣ್ಣದ ಬೆಕ್ಕು. ಜೊತೆಗೆ ಸದ್ದು.

"ಹೌಸ್ ಮ್ಯೂಸಿಕ್ ಮೇಡಂ. ರಿಲ್ಯಾಕ್ಸಿಂಗ್ ಸ್ಟ್ರೀಮು. ಜನ ಇದನ್ನ ಹಾಕ್ಕೊಂಡು ಅಡುಗೆ ಮಾಡ್ತಾರೆ, ಓದ್ತಾರೆ, ಬಟ್ಟೆ ಮಡಿಸ್ತಾರೆ. ಬೀಟು ಒಂದೇ ಸಮ ಇರುತ್ತಲ್ಲಾ, ತಾತನ ಕಾಲು ಅದನ್ನ ಹಿಡ್ಕೊಳುತ್ತೆ. ಮೆದುಳು ಮರೆತಿದ್ದನ್ನ ಕಿವಿ ನೆನಪು ಮಾಡುತ್ತೆ."

ಸಂಗೀತವೆಂದು ಇದನ್ನು ಕರೆದವರು ಯಾರೋ. ರಾಗವಿಲ್ಲ, ಸಾಹಿತ್ಯವಿಲ್ಲ, ಎತ್ತುಗಡೆಯಿಲ್ಲ, ಮುಕ್ತಾಯವಿಲ್ಲ. ಧುಂ ಚಿಕ್ ಧುಂ ಚಿಕ್ ಎಂದು ಒಂದೇ ಸಮನೆ ಬಡಿತ. ಅದರ ಮೇಲೆ ಯಾರೋ ತಂಬಿಗೆಯೊಳಗೆ ಬಾಯಿಟ್ಟು ನಿಟ್ಟುಸಿರು ಬಿಟ್ಟಂತೆ ಒಂದು ಧ್ವನಿ. ಪಕ್ಕದ ರಸ್ತೆಯಲ್ಲಿ ಬೋರ್‌ವೆಲ್ ಕೊರೆಯುವವರಿಗೂ ಇದಕ್ಕಿಂತ ಹೆಚ್ಚಿನ ಮನೋಧರ್ಮವಿರುತ್ತದೆ.

ಇವರು ಹಜಾರದಲ್ಲಿ ಎರಡು ಸುತ್ತು ಚೆನ್ನಾಗಿ ನಡೆದರು. ಅಡಿಗೆಮನೆಯ ಹೊಸಿಲಿನ ಮುಂದೆ ಬಲಗಾಲನ್ನು ಎತ್ತಿದರು. ಎತ್ತಿ ಇತ್ತಲೇ ಇಟ್ಟರು.

ಧೃತಿಯನ್ನು ಕಳುಹಿಸಿದ ಸಂಸ್ಥೆಗೆ ದೂರಿನ ಕರಡು ಬರೆದೆ. ವಿಷಯ: ಚಿಕಿತ್ಸೆಯ ಹೆಸರಿನಲ್ಲಿ ಮನೆಯೊಳಗೆ ಬಡಿತ. ಲಗತ್ತುಗಳು ಏನೇನೆಂದು ಇನ್ನೂ ಯೋಚಿಸಬೇಕಾಗಿದೆ.

ಫೆಬ್ರುವರಿ ೬, ಗುರುವಾರ

ಇಂದಿನ ಘಟನೆಯನ್ನು ಸಂಕ್ಷಿಪ್ತವಾಗಿ ದಾಖಲಿಸುತ್ತೇನೆ.

ಬೆಳಿಗ್ಗೆ ಧೃತಿ ಹೊರಡುವಾಗ, "ಆಫ್ ಮಾಡ್ಬೇಡಿ ಮೇಡಂ, ಹಾಗೇ ಓಡ್ತಿರ್ಲಿ. ಲೈವ್ ಇದೆ," ಎಂದು ಹೇಳಿ ಹೋದಳು. ಲೈವ್ ಎಂದರೆ ನೇರಪ್ರಸಾರ. ಅಂದರೆ ಆ ಮರದ ಮನೆಯೊಳಗೆ, ನಮ್ಮ ಕಣ್ಣಿಗೆ ಕಾಣದ ಕಡೆ, ಯಾರೋ ಕುಳಿತು ನುಡಿಸುತ್ತಿದ್ದಾರೆ ಎಂದಾಯಿತು. ಅವರ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ವಿದ್ವಾಂಸರು ವೇದಿಕೆಯ ಮೇಲಿರುವಾಗ ಮಂಗಳಕ್ಕೆ ಮೊದಲು ಎದ್ದು ಹೋಗುವುದು ನಮ್ಮ ಮನೆತನದಲ್ಲಿಲ್ಲ. ಮಳೆಗೆ ಚಪ್ಪರ ಸೋರಿದಾಗಲೂ ಎದ್ದಿಲ್ಲ. ನನ್ನ ತಾಯಿಗೆ ಹಲ್ಲುನೋವು ಬಂದಾಗ ಅವರೂ ಎದ್ದಿಲ್ಲ.

ಆದ್ದರಿಂದ ಕುಳಿತೆ. ಇನ್ನೇನು ಮುಗಿಸುತ್ತಾರೆ, ಒಂದು ದೇವರನಾಮ, ಆಮೇಲೆ ಮಂಗಳ ಎಂದುಕೊಂಡೆ. ಧುಂ ಚಿಕ್ ನಿಲ್ಲಲಿಲ್ಲ. ಬೆಕ್ಕೂ ಏಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿ ಗ್ಯಾಸ್ ಆರಿದ ವಾಸನೆ ಬಂತು. ಒಂದು ಕೈಯಲ್ಲಿ ತಾಳ ಹಾಕುತ್ತಲೇ ಹೋಗಿ ಆರಿಸಿ ಬಂದು ಕುಳಿತೆ. ಹಾಲಿನವನು ಕೂಗಿ ಹೋದ. ಊಟದ ಹೊತ್ತು ಮೀರಿತು. ಕೊನೆಗೆ ಧೃತಿಗೆ ಫೋನ್ ಮಾಡಿದೆ.

"ಮುಗಿಯುವುದು ಯಾವಾಗ?"

"ಯಾವ್ದು ಮೇಡಂ?"

"ಕಛೇರಿ."

"ಅಯ್ಯೋ ಮೇಡಂ! ಅದು ಮುಗಿಯಲ್ಲ. ಹಗಲೂ ರಾತ್ರಿ ಇರುತ್ತೆ."

"ನುಡಿಸುವವರು ಊಟ ಮಾಡುವುದಿಲ್ಲವೇ?"

"ನುಡ್ಸೋರು ಯಾರೂ ಕೂತಿಲ್ಲ ಮೇಡಂ, ಕಂಪ್ಯೂಟರಲ್ಲಿ ಹಾಕಿ ಬಿಟ್ಟಿರ್ತಾರೆ..." ಎಂದವಳು ಫೋನಿನಿಂದ ಮುಖ ತಿರುಗಿಸಿ ನಕ್ಕಳು. ನಗು ಕೇಳಿಸಿತು.

ಇವರು ಎದುರಿನ ಕುರ್ಚಿಯಲ್ಲೇ ಇದ್ದರು. ದೂರವಾಣಿ ಇಲಾಖೆಯಲ್ಲಿ ಜೀವಮಾನ ಕಳೆದವರು; ಇಂಥದ್ದು ಅವರಿಗೆ ತಿಳಿಯದೆ ಇರುವುದಿಲ್ಲ. "ನಿಮಗೆ ಗೊತ್ತಿತ್ತೇ?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ತೆ ಹೇಳಲಿಲ್ಲ?"

"ಕಛೇರೀಲಿ ಬಿಟ್ರೆ ನೀನು ಒಂದೇ ಕಡೆ ಇಷ್ಟು ಹೊತ್ತು ಕೂತಿದ್ದು ನಾನು ನೋಡೇ ಇಲ್ಲ ಭಾಗೀ. ಚೆನ್ನಾಗಿತ್ತು. ಯಾಕೆ ಎಬ್ಬಿಸೋದು ಅಂತ ಸುಮ್ನಿದ್ದೆ."

ಅಳಿದುಳಿದ ಸಾರಿನಲ್ಲಿ ಊಟ ಮಾಡಿದೆವು. ಉಪ್ಪು ಹೆಚ್ಚಾಗಿತ್ತು. ಇವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಫೆಬ್ರುವರಿ ೧೪, ಶುಕ್ರವಾರ

ಪಕ್ಕದ ಮನೆಯ ತ್ರಿಪುರಸುಂದರಿ ಕಾಂಪೌಂಡಿನ ಮೇಲೆ ಕತ್ತು ಚಾಚಿದರು. ವೀಣೆ ಕಲಿಸುವವರು, ಅವರ ಕಿವಿಗೆ ಬೀದಿಯಾಚೆ ತಂಬೂರಿ ಒಂದೆಳೆ ಇಳಿದರೂ ತಿಳಿಯುತ್ತದೆ.

"ಭಾಗೀರಥಮ್ಮನೋರೇ, ಒಂದು ವಾರದಿಂದ ನಿಮ್ಮನೆ ಕಡೆಯಿಂದ ಏನೋ ಧಬ ಧಬ ಅಂತಿದೆ. ಏನದು?"

ಕಳೆದ ವರ್ಷ ಸಿನಿಮಾ ಗೀತೆ ಹಾಡಿಸಿದರೆಂದು ಒಂದು ಗಣೇಶನ ಪೆಂಡಾಲಿನಿಂದ ನಾವಿಬ್ಬರೂ ಜೊತೆಯಾಗಿ ಎದ್ದು ಬಂದಿದ್ದೆವು. ಅಂಥವರ ಮುಂದೆ ನಿಂತು ಸಮುದ್ರ, ಬೆಕ್ಕು ಎಂದೆಲ್ಲ ವಿವರಿಸಲು ನಾಲಿಗೆ ಏಳಲಿಲ್ಲ.

"ಮಿಕ್ಸಿ," ಎಂದೆ. "ಮಿಕ್ಸಿ ಕೆಟ್ಟಿದೆ."

"ಹಾಗಾದ್ರೆ ಮುರುಗೇಶನ್ನ ಕಳಿಸ್ತೀನಿ ಬಿಡಿ. ನಮ್ಮನೇದೂ ಅವನೇ ಮಾಡಿದ್ದು."

ಫೆಬ್ರುವರಿ ೧೫, ಶನಿವಾರ

ಮುರುಗೇಶ ಬಂದ. ಬೇಡವೆಂದರೂ ಕೇಳಲಿಲ್ಲ. "ಸುಂದ್ರಮ್ಮೋರು ಹೇಳಿದಾರೆ ಅಮ್ಮಾ, ಮಾಡ್ದೆ ಹೋದ್ರೆ ಬೈತಾರೆ," ಎಂದು ಮಿಕ್ಸಿಯನ್ನು ಬಿಚ್ಚಿ ಹಜಾರದಲ್ಲಿ ಹರಡಿದ. ಟೀವಿಯಲ್ಲಿ ಧುಂ ಚಿಕ್ ನಡೆದೇ ಇತ್ತು. ಅವನು ಅದಕ್ಕೆ ತಲೆ ಹಾಕುತ್ತ ಸ್ಕ್ರೂ ತಿರುಗಿಸಿದ. ಇವರು ಅದೇ ಲಯಕ್ಕೆ ಅವನ ಸುತ್ತ ನಡೆದರು. ನಾನು ನೋಡುತ್ತ ನಿಂತಿದ್ದೆ.

"ಏನೂ ಆಗಿಲ್ವಲ್ಲಮ್ಮಾ ಇದಕ್ಕೆ," ಎಂದು ಮತ್ತೆ ಜೋಡಿಸಿ ಹೋದ.

ಸಂಜೆ ಚಟ್ನಿಗೆಂದು ಹಾಕಿದರೆ ಮಿಕ್ಸಿ ಧಬ ಧಬ ಎನ್ನುತ್ತಿದೆ. ನಾನು ಆಡಿದ ಮಾತು ಈಗ ಸುಳ್ಳಾಗಿ ಉಳಿದಿಲ್ಲ. ಅಷ್ಟರಮಟ್ಟಿಗೆ ಸಮಾಧಾನ.

ಫೆಬ್ರುವರಿ ೨೪, ಸೋಮವಾರ

ಇಂದು ಬೆಳಿಗ್ಗೆ ಇವರು ಅಡಿಗೆಮನೆಯ ಹೊಸಿಲು ದಾಟಿ ಒಳಗೆ ಬಂದು, "ಡಿಕಾಕ್ಷನ್ ಇಳೀತೇನೇ?" ಎಂದು ಕೇಳಿದರು.

ಇಳಿದಿತ್ತು. ಕೊಟ್ಟೆ.

ಮಾರ್ಚ್ ೮, ಶನಿವಾರ

ಬಿಸಿಲು ಸಾಕಷ್ಟು ಏರಿದೆ. ಪ್ರತಿ ವರ್ಷದಂತೆ ತ್ರಿಪುರಸುಂದರಿಯವರೂ ನಾನೂ ನಮ್ಮ ಹಿತ್ತಲ ಕೋಣೆಯಲ್ಲಿ ಉದ್ದಿನ ಹಪ್ಪಳಕ್ಕೆ ಕುಳಿತೆವು. ಟೀವಿ ಆರಿಸಿಯೇ ಅವರನ್ನು ಒಳಗೆ ಕರೆದದ್ದು. ಅವರು ಉಂಡೆ ಮಾಡಿ ಕೊಡುತ್ತಿದ್ದರು, ನಾನು ಲಟ್ಟಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಉಂಡೆ ಮಾಡುವುದನ್ನು ನಿಲ್ಲಿಸಿ ನನ್ನ ಲಟ್ಟಣಿಗೆಯನ್ನೇ ನೋಡತೊಡಗಿದರು.

"ಏನ್ರೀ ಇದು? ಪ್ರತಿ ವರ್ಷ ನೀವು ಚೌಕ ಕಾಲದಲ್ಲಿ ಲಟ್ಟಿಸ್ತಿದ್ರಿ. ನಾನು ಉಂಡೆ ಮಾಡಿ ಕಾಯ್ತಾ ಕೂತಿರ್ತಿದ್ದೆ. ಈಗ ಮಿಷನ್ ಥರ ಹೊರಟಿದೀರಲ್ಲಾ!"

"ವಯಸ್ಸಾಯಿತು. ಬೇಗ ಮುಗಿಸುವ ಆತುರ," ಎಂದೆ.

"ಭುಜಾನೂ ಕುಣಿಸ್ತಿದೀರಿ."

ಭುಜದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಮುಂದಿನ ಹಪ್ಪಳಗಳನ್ನು ಭುಜ ಬಿಗಿಹಿಡಿದು ಲಟ್ಟಿಸಿದೆ. ಅವು ಅಂಚಿನಲ್ಲಿ ದಪ್ಪವಾದವು.

ಮಾರ್ಚ್ ೧೯, ಬುಧವಾರ

ಈ ಪ್ರಸಾರದ ಪಕ್ಕದಲ್ಲಿ ಕೇಳುಗರು ಬರೆಯುವ ಸಾಲುಗಳು ಮೇಲಕ್ಕೆ ಹರಿಯುತ್ತಿರುತ್ತವೆ. ಧೃತಿ ಓದಿ ಹೇಳಿದಳು. ಒಬ್ಬಳು ಇಸ್ತ್ರಿ ಮಾಡುತ್ತಿದ್ದಾಳಂತೆ. ಒಬ್ಬ ರಾತ್ರಿಪಾಳಿಯ ಕಾವಲುಗಾರನಂತೆ. ಒಬ್ಬ ತಾಯಿ ಮಗುವನ್ನು ಮಲಗಿಸಿ ಪಾತ್ರೆ ತೊಳೆಯುತ್ತಿದ್ದಾಳಂತೆ. ಪೂರ್ಣವಿರಾಮವನ್ನು ಒಬ್ಬರೂ ಹಾಕುವುದಿಲ್ಲ.

"ನೀವೂ ಬರೀರಿ ಮೇಡಂ," ಎಂದು ಧೃತಿ ಕನ್ನಡದ ಕೀಲಿಮಣೆ ತೆಗೆದುಕೊಟ್ಟಳು.

ನಾನು ಬರೆದೆ: "ನಾನು ಬೆಂಗಳೂರಿನ ಬಸವನಗುಡಿಯಲ್ಲಿ ಕುಳಿತು ಹುಳಿಗೆ ಹುರುಳಿಕಾಯಿ ಹೆಚ್ಚುತ್ತಿದ್ದೇನೆ. ನನ್ನ ಯಜಮಾನರು ನಡೆಯುತ್ತಿದ್ದಾರೆ. ಬೆಕ್ಕಿಗೆ ಯಾರಾದರೂ ಊಟ ಹಾಕಿದರೇ?"

ಯಾರೋ ಒಂದು ಹೃದಯದ ಚಿತ್ರ ಹಾಕಿದರು. ಇದನ್ನು ಉತ್ತರವೆಂದು ಒಪ್ಪಲು ಬರುವುದಿಲ್ಲ; ಕೇಳಿದ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ. ಮಧ್ಯಾಹ್ನ ಅದು ಇನ್ನೂ ಇದೆಯೇ ಎಂದು ನೋಡಿದೆ. ಮೇಲಕ್ಕೆ ಹೋಗಿಬಿಟ್ಟಿತ್ತು.

ಬೆಕ್ಕು ಬಾಲ ಅಲ್ಲಾಡಿಸುವುದು, ಕಿವಿ ಒದರುವುದು, ಮತ್ತೆ ಬಾಲ ಅಲ್ಲಾಡಿಸುವುದು, ಯಾವಾಗಲೂ ಅದೇ ಕ್ರಮದಲ್ಲಿ ನಡೆಯುತ್ತದೆ. ಅದೂ ಚಿತ್ರವೇ ಎಂದು ಇವರು ಹೇಳುತ್ತಾರೆ. ಇರಬಹುದು.

ಮಾರ್ಚ್ ೩೦, ಭಾನುವಾರ, ಯುಗಾದಿ

ಬೇವು ಬೆಲ್ಲವಾಯಿತು. ಹೊಸ ಪಂಚೆ ಉಟ್ಟು ಇವರು, "ಬೀದಿ ನೋಡಿ ಬರ್ತೀನಿ," ಎಂದರು. ಟೀವಿಯ ಸದ್ದು ಬೀದಿಗೆ ಕೇಳುವುದಿಲ್ಲವೆಂಬುದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಗೇಟಿನ ಹಳಿಯ ಮುಂದೆ ಕಾಲು ಕಚ್ಚಿಕೊಂಡಿತು. ಬೀದಿಯಲ್ಲಿ ಒಂದು ಕಾರು ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಇವರು ಮುಗ್ಗರಿಸಿ ಗೇಟು ಹಿಡಿದುಕೊಂಡರು. ಬೀಳಲಿಲ್ಲ. ಪಂಚೆಯ ಅಂಚು ಗೇಟಿನ ಕಬ್ಬಿಣಕ್ಕೆ ಸಿಕ್ಕಿ ಹರಿಯಿತು.

ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ.

"ಬಿಡೇ. ಈ ವರ್ಷ ನೀನು ತ್ರಿಪುರಸುಂದರಿ ಜೊತೆ ಹೋಗಿ ಬಾ. ಯಾವ ರಾಗ ಹಾಡಿದ್ರು ಅಂತ ಬಂದು ಹೇಳು ಸಾಕು."

ಇವರಿಗೆ ತಕ್ಕ ಉತ್ತರ ನನ್ನ ಬಳಿಯಿತ್ತು. ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಪಂಚೆಯನ್ನು ಹೊಲಿದಿಟ್ಟಿದ್ದೇನೆ.

ಏಪ್ರಿಲ್ ೬, ಭಾನುವಾರ, ರಾಮನವಮಿ

ಧೃತಿ ಒಂದು ಉಪಾಯ ಮಾಡಿದಳು. ಕಡಲೆಕಾಳಿನಷ್ಟು ಗಾತ್ರದ ಒಂದು ಇಯರ್‌ಫೋನನ್ನು ಇವರ ಕಿವಿಗಿಟ್ಟು, ಫೋನನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಳು. "ಬರೋ ಶನಿವಾರ ಕಛೇರಿಗೂ ಹೀಗೇ ಹೋಗೋಣ ತಾತ. ನಿಮಗೆ ಮಾತ್ರ ಕೇಳುತ್ತೆ, ಯಾರಿಗೂ ಡಿಸ್ಟರ್ಬ್ ಆಗಲ್ಲ." ಇವರು ಗೇಟು ದಾಟಿದರು, ಬೀದಿಯ ತುದಿಯವರೆಗೆ ಹೋಗಿ ಬಂದರು. ನಾನು ಎಂದಿನಂತೆ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಆದರೆ ಕೇಳಿಸದ ಲಯಕ್ಕೆ ಹೆಜ್ಜೆ ಹೊಂದಿಸುವುದು ಕಷ್ಟವಾದ್ದರಿಂದ ಪಕ್ಕದಲ್ಲೇ ನಡೆದೆ.

ಪಾನಕ ಕೋಸಂಬರಿಗೆ ಬಂದ ತ್ರಿಪುರಸುಂದರಿ ಇವರ ಕಿವಿ ನೋಡಿ, "ಅಯ್ಯೋ, ವಾದಿರಾಜರಿಗೆ ಕಿವೀನೂ ಮಂದವಾಯ್ತೇ?" ಎಂದರು.

"ಸ್ವಲ್ಪ," ಎಂದೆ.

ಅವರು ಹೋಗುವವರೆಗೂ ಇವರೊಡನೆ ಕೂಗಿ ಕೂಗಿ ಮಾತನಾಡಿದರು. ಇವರು ಪ್ರತಿಯೊಂದು ಮಾತಿಗೂ "ಆಂ? ಆಂ?" ಎನ್ನುತ್ತ ನಟಿಸಿದರು. ಇಷ್ಟು ಖುಷಿಯಾಗಿ ಇವರನ್ನು ನೋಡಿ ಬಹಳ ದಿನವಾಗಿತ್ತು. ಕೋಸಂಬರಿಗೆ ಮಾವಿನಕಾಯಿ ತುರಿ ಹೆಚ್ಚಾಯಿತೆಂದು ಇವರು ಬೇರೆ ಹೇಳಿದರು. ಸರಿಯಾಗಿಯೇ ಇತ್ತು.

ಏಪ್ರಿಲ್ ೧೨, ಶನಿವಾರ

ಮನೆಗೆ ಬಂದು, ಇವರನ್ನು ಊಟಕ್ಕೆ ಕೂರಿಸಿ, ಅವರು ಊಟ ಮಾಡುತ್ತಿರುವಾಗ ಬರೆಯುತ್ತಿದ್ದೇನೆ.

ಮಾತ್ರೆಯ ಹೊತ್ತು ನೋಡಿಕೊಂಡು ಹೊರಡಬೇಕಾದ್ದರಿಂದ ತಡವಾಯಿತು. ಕಛೇರಿಗೆ ತಡವಾಗಿ ಹೋಗುವವರ ಬಗ್ಗೆ ನನ್ನ ಅಭಿಪ್ರಾಯ ಊರಿಗೇ ಗೊತ್ತು. ಆಟೋದಿಂದ ಇಳಿದಾಗ ಒಳಗೆ ಕಲ್ಯಾಣಿಯ ಆಲಾಪನೆ ಆರಂಭವಾಗಿತ್ತು. ಇವರು, ಧೃತಿ, ನಾನು. ಇವರ ಕಿವಿಯಲ್ಲಿ ಬೆಕ್ಕಿನ ಕಛೇರಿ. ಚಪ್ಪರದ ಬಾಗಿಲವರೆಗೂ ಇವರು ಮದುವೆಗೆ ಹೊರಟವರಂತೆ ನಡೆದರು.

ಬಾಗಿಲಲ್ಲಿ ಮೈಕಿನ ತಂತಿಗಳು ಅಡ್ಡಲಾಗಿ ಹಾದಿದ್ದವು. ಯಾರೂ ಎಡವದಿರಲೆಂದು ಅವುಗಳ ಮೇಲೆ ಕಪ್ಪು ರಬ್ಬರಿನ ದಿಂಡು ಹಾಸಿದ್ದರು. ಹೊಸಿಲಿನಷ್ಟೇ ಎತ್ತರ. ಅದರ ಮುಂದೆ ಇವರು ನಿಂತರು.

"ಏನಾಯ್ತು ತಾತ?"

"ನಿಂತ್ಹೋಯ್ತು," ಎಂದು ಇವರು ಕಿವಿಯನ್ನು ಮುಟ್ಟಿ ತೋರಿಸಿದರು.

ಧೃತಿ ಚೀಲದಿಂದ ಫೋನ್ ತೆಗೆದಳು. ಸಮುದ್ರವಿಲ್ಲ, ಬೆಕ್ಕಿಲ್ಲ. ಕಪ್ಪು ಪರದೆಯ ಮೇಲೆ, ಈ ನೇರಪ್ರಸಾರ ಕೊನೆಗೊಂಡಿದೆ ಎಂದು ಒಂದು ಸಾಲು. ಹಗಲು ರಾತ್ರಿ ನಡೆಯುತ್ತದೆಂದು ನನಗೆ ಪಾಠ ಹೇಳಿದ್ದ ಕಛೇರಿ! ಬೇರೇನೋ ಹುಡುಕುತ್ತೇನೆಂದು ಅವಳು ಒತ್ತತೊಡಗಿದಳು. ಚಕ್ರ ತಿರುಗಿತೇ ಹೊರತು ಏನೂ ಬರಲಿಲ್ಲ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗುವುದಿಲ್ಲವಂತೆ.

ನಮ್ಮ ಹಿಂದೆ ಜನ ನಿಂತರು. ಯಾರೋ, "ಸ್ವಲ್ಪ ಸೈಡಿಗೆ ಬನ್ನಿ ಸಾರ್," ಎಂದರು. ಕೊರಳಿಗೆ ಬ್ಯಾಡ್ಜ್ ಹಾಕಿದ ಕಾರ್ಯಕರ್ತರೊಬ್ಬರು ಓಡಿ ಹೋಗಿ ಗಾಲಿಕುರ್ಚಿ ತಳ್ಳಿಕೊಂಡು ಬಂದರು. "ಕೂತ್ಕೊಳ್ಳಿ ಯಜಮಾನ್ರೇ, ಮುಂದಿನ ಸಾಲಿಗೇ ಬಿಡ್ತೀನಿ." ಒಳ್ಳೆಯ ಮನುಷ್ಯರು.

ಇವರು ಕುರ್ಚಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪಂಚೆಯ ಹೊಲಿಗೆ ಹಾಕಿದ ಕಡೆಯನ್ನು ಬೆರಳಿನಲ್ಲಿ ಹಿಡಿದುಕೊಂಡಿದ್ದರು.

ಒಳಗಿನಿಂದ ಏನಾದರೂ ಲಯ ಸಿಗಬಹುದೇ ಎಂದು ಕಿವಿಗೊಟ್ಟೆ. ಆಲಾಪನೆಗೆ ತಾಳವಿರುವುದಿಲ್ಲ. ವಿದ್ವಾಂಸರು ಮೇಲಿನ ಷಡ್ಜದಲ್ಲಿ ನಿಂತಿದ್ದರು. ಮೃದಂಗದವರು ಕೈ ಕಟ್ಟಿಕೊಂಡು ಕುಳಿತಿದ್ದರು. ಸೂಜಿ ಬಿದ್ದರೂ ಕೇಳಿಸುವಂಥ ನಿಶ್ಶಬ್ದ. ಅಷ್ಟು ಜನ ಉಸಿರು ಬಿಗಿಹಿಡಿದಿದ್ದರು. ಅಂಥ ಹೊತ್ತಿನಲ್ಲಿ ಕೆಮ್ಮಿದವರನ್ನು ನಾನು ತಿರುಗಿ ನೋಡಿದ್ದಿದೆ. ಅವರು ಮುಂದಿನ ವರ್ಷ ಬೇರೆ ಸಾಲಿನಲ್ಲಿ ಕುಳಿತದ್ದೂ ಇದೆ.

"ಧುಂ," ಎಂದೆ. ಧ್ವನಿ ಸಣ್ಣದಾಗಿತ್ತು. ಇವರ ಕಾಲು ಅಲ್ಲಾಡಲಿಲ್ಲ. ಹಿಂದಿನ ಬೆಂಚಿನವರೆಗೆ ಕೇಳಿಸುವ ಧ್ವನಿಯನ್ನು ಶಿಕ್ಷಣ ಇಲಾಖೆಯೇ ನನ್ನಲ್ಲಿ ಬೆಳೆಸಿದೆ. ಅದನ್ನು ತೆಗೆದೆ.

"ಧುಂ ಚಿಕ್. ಧುಂ ಚಿಕ್. ಧುಂ ಚಿಕ್. ಧುಂ ಚಿಕ್."

ತೊಡೆಯ ಮೇಲೆ ಕೈಯಿಂದ ಬಡಿದೆ. ಸಾಲಿನಿಂದ ಸಾಲಿಗೆ ತಲೆಗಳು ತಿರುಗಿದವು. ಮೂರನೆಯ ಸಾಲಿನಲ್ಲಿ ತ್ರಿಪುರಸುಂದರಿ ತಿರುಗಿದರು; ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬರಿಯ ಬಡಿತ ಸಾಲದೆನ್ನಿಸಿ, ಆ ತಂಬಿಗೆಯೊಳಗಿನ ನಿಟ್ಟುಸಿರನ್ನೂ ಸೇರಿಸಿದೆ: "ಧುಂ ಚಿಕ್, ಊಊ, ಧುಂ ಚಿಕ್." ಊಊ ಎನ್ನುವುದು ಕಲ್ಯಾಣಿಯ ಗಾಂಧಾರದಲ್ಲೇ ಬಂತು. ಬೇರೆ ಸ್ವರದಲ್ಲಿ ಅನ್ನಲು ನನ್ನಿಂದ ಆಗುವುದಿಲ್ಲ.

ಇವರ ಬಲಗಾಲು ಎದ್ದಿತು. ರಬ್ಬರಿನ ಆಚೆಗೆ ಬಿತ್ತು. ಎಡಗಾಲು ಹಿಂದೆಯೇ ಬಂತು.

"ಊಊ ಬೇಡ ಕಣೇ," ಎಂದರು ಇವರು, ನಡೆಯುತ್ತಲೇ. "ನಗು ಬಂದ್ರೆ ಬಿದ್ಹೋಗ್ತೀನಿ."

ಕಡೆಯ ಸಾಲಿನಲ್ಲಿ ಕುಳಿತೆವು. ವಿದ್ವಾಂಸರು ಕಣ್ಣು ತೆರೆದಿರಲಿಲ್ಲ; ಪಿಟೀಲಿನವರು ಮಾತ್ರ ಒಮ್ಮೆ ನಮ್ಮ ಕಡೆ ನೋಡಿ ಕಮಾನನ್ನು ಸರಿಮಾಡಿಕೊಂಡರು. ಕಲ್ಯಾಣಿ ಸೊಗಸಾಗಿತ್ತು. ಕೃತಿಯೂ ಸೊಗಸಾಗಿತ್ತು. ಇವರು ಪೂರ್ತಿ ಕೇಳಿದರು. ಕೈನಡುಕವನ್ನು ತಾಳದೊಳಗೆ ಸೇರಿಸಿಕೊಂಡು ಕೇಳಿದರು.

ತನಿ ಆವರ್ತನ ಶುರುವಾಯಿತು. ಪಾಪ ಆ ಮೃದಂಗದವರು ಅಷ್ಟು ಹೊತ್ತು ಕಾದು ತಮ್ಮ ಸರದಿ ಬಂದಾಗ ಕಾಫಿಗೆಂದು ಎದ್ದು ಹೋಗುವವರ ಬಗ್ಗೆ ನಾನು ಪತ್ರಿಕೆಗೆ ವಾಚಕರ ಪತ್ರ ಬರೆದವಳು. ಆದರೆ ಇವರ ಮಾತ್ರೆಯ ಬಲ ಇನ್ನು ಸ್ವಲ್ಪ ಹೊತ್ತಿನದಷ್ಟೇ ಎಂದು ಧೃತಿ ನೆನಪಿಸಿದಳು. ನುಡಿಸಾಣಿಕೆಯೂ ಚತುರಶ್ರದಲ್ಲಿ, ನಾಲ್ಕು ನಾಲ್ಕರ ಎಣಿಕೆಯಲ್ಲಿ, ಸಮವಾಗಿ ನಡೆಯುತ್ತಿತ್ತು. ಅಂಥ ಲಯವನ್ನು ಕುಳಿತು ವ್ಯರ್ಥ ಮಾಡುವುದು ಸರಿಯಲ್ಲವೆನ್ನಿಸಿತು. ಎದ್ದೆವು. ಮೃದಂಗ ಎತ್ತಿಕೊಟ್ಟಂತೆ ಇವರು ನಡೆದರು. ರಬ್ಬರಿನ ದಿಂಡನ್ನು ನೋಡಲೇ ಇಲ್ಲ.

ಹೊರಗೆ ಕೋಡುಬಳೆಯ ಮಳಿಗೆಯ ಮುಂದೆ ಯಾರೋ ನನ್ನ ಭುಜ ತಟ್ಟಿದರು. ತ್ರಿಪುರಸುಂದರಿ. ಅವರೂ ತನಿಗೆ ಎದ್ದು ಬಂದಿದ್ದರು!

"ಭಾಗೀರಥಮ್ಮನೋರೇ, ಇದೇನಾ ನಿಮ್ಮ ಮಿಕ್ಸಿ?"

ಇವರು ಕೋಡುಬಳೆ ಮುರಿಯುತ್ತ, "ಆಂ? ಆಂ?" ಎಂದರು.

ತ್ರಿಪುರಸುಂದರಿ ಇವರ ಕಾಲನ್ನು ನೋಡಿದರು, ನನ್ನನ್ನು ನೋಡಿದರು. "ಶ್ರುತಿ ಸರಿಯಾಗಿತ್ತು," ಎಂದಷ್ಟೇ ಹೇಳಿ ಕಾಫಿಗೆ ನಿಂತರು.

ಏಪ್ರಿಲ್ ೧೩, ಭಾನುವಾರ

ಬೆಳಿಗ್ಗೆ ಧೃತಿ ಬಂದು, ಪ್ರಸಾರ ಬೇರೊಂದು ಕೊಂಡಿಯಲ್ಲಿ ಮತ್ತೆ ಆರಂಭವಾಗಿದೆಯೆಂದು ಟೀವಿಗೆ ಹತ್ತಿಸಿ ಹೋದಳು. ಅದೇ ಮನೆ, ಅದೇ ಬೆಕ್ಕು. ಇವರು ಅಡಿಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದಾರೆ. ನಿನ್ನೆಯ ಅಚಾತುರ್ಯವನ್ನು ಹಾಗೆಯೇ ಬಿಡಲಾಗದು. ಫೆಬ್ರುವರಿಯ ದೂರಿನ ಕರಡನ್ನು ಕೈಬಿಟ್ಟು, ಹೊಸದಾಗಿ ಈ ಕೆಳಗಿನದನ್ನು ಬರೆದಿದ್ದೇನೆ. ಇಂಗ್ಲಿಷಿಗೆ ಅನುವಾದಿಸಿ ಕಳುಹಿಸುತ್ತೇನೆ ಎಂದು ಧೃತಿ ಹೇಳಿದಳು. ಅಗತ್ಯವಿಲ್ಲ; ನಾನು ಅವರ ಭಾಷೆಯನ್ನು ಎರಡು ತಿಂಗಳು ಕೇಳಿದ್ದೇನೆ, ಅವರು ನನ್ನದನ್ನು ಒಂದು ಪುಟ ಓದಲಿ.

ಇವರಿಂದ: ಶ್ರೀಮತಿ ಭಾಗೀರಥಮ್ಮ ವಾದಿರಾಜ, ಎಂ.ಎ., ಬಿ.ಎಡ್., ನಿವೃತ್ತ ಕನ್ನಡ ಅಧ್ಯಾಪಕಿ, ಬಸವನಗುಡಿ, ಬೆಂಗಳೂರು.

ಇವರಿಗೆ: ಸಮುದ್ರತೀರದ ಮನೆಯ ಯಜಮಾನರು.

ವಿಷಯ: ಮುನ್ಸೂಚನೆಯಿಲ್ಲದೆ, ಮಂಗಳವನ್ನೂ ಹಾಡದೆ ಕಛೇರಿ ನಿಲ್ಲಿಸಿದ ಬಗ್ಗೆ ದೂರು.

ಮಾನ್ಯರೇ,

ತಾವು ನಡೆಸುತ್ತಿರುವ ಕಛೇರಿಯನ್ನು ನಮ್ಮ ಮನೆಯಲ್ಲಿ ಫೆಬ್ರುವರಿ ಮೊದಲ ವಾರದಿಂದ ಪ್ರತಿದಿನ ಕೇಳುತ್ತಿದ್ದೇವೆ. ಹುರುಳಿಕಾಯಿ ಹೆಚ್ಚುವಾಗ, ಹಪ್ಪಳ ಲಟ್ಟಿಸುವಾಗ, ಕಾಫಿ ಸೋಸುವಾಗ ಹಾಗೂ ಮುಖ್ಯವಾಗಿ ನನ್ನ ಯಜಮಾನರು ಹೊಸಿಲು ದಾಟುವಾಗ ಇದು ನಡೆಯುತ್ತಿರುತ್ತದೆ. ತಮ್ಮ ಸಂಗೀತದ ಗುಣದೋಷಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ದಿನಾಂಕ ಹನ್ನೆರಡರ ಸಂಜೆ, ನನ್ನ ಯಜಮಾನರ ಒಂದು ಕಾಲು ಎತ್ತಬೇಕಾಗಿದ್ದ ಸಮಯದಲ್ಲಿ ತಾವು ಹಠಾತ್ತಾಗಿ ನಿಲ್ಲಿಸಿದಿರಿ. ಇದರಿಂದ ಉಳಿದ ಭಾಗವನ್ನು ನಾನೇ ಸಾರ್ವಜನಿಕವಾಗಿ ನಿರ್ವಹಿಸಬೇಕಾಯಿತು. ಮಂಗಳ ಹಾಡದ ಕಾರಣ ತಮ್ಮ ಕಛೇರಿ ಮುಗಿದಿದೆಯೆಂದು ನಾವು ಭಾವಿಸಿರುವುದಿಲ್ಲ. ದಯವಿಟ್ಟು ಮುಂದುವರಿಸುವುದು. ಇನ್ನು ಮುಂದೆ ನಿಲ್ಲಿಸುವುದಿದ್ದಲ್ಲಿ ಮುಂಚಿತವಾಗಿ ತಿಳಿಸುವುದು. ಮುಂದಿನ ವರ್ಷದ ರಾಮನವಮಿಯ ವೇಳೆಗೆ ವಿಶೇಷ ಗಮನವಿರಲಿ, ನಾವು ಹೋಗುವವರಿದ್ದೇವೆ.

ಬೆಕ್ಕಿಗೆ ಊಟ ಹಾಕುವುದು.

ತಮ್ಮ ವಿಶ್ವಾಸಿ,
ಭಾಗೀರಥಮ್ಮ ವಾದಿರಾಜ

ಲಗತ್ತುಗಳು:

೧. ನನ್ನ ಯಜಮಾನರು ಆಸರೆಯಿಲ್ಲದೆ ನಡೆಯುತ್ತಾರೆಂಬ ಬಗ್ಗೆ ಡಾಕ್ಟರ ಚೀಟಿಯ ನಕಲು.

೨. ಕಛೇರಿಯ ಕಾರ್ಯಕ್ರಮ ಪಟ್ಟಿ. (ನಿಜವಾದ ಕಛೇರಿ ಹೇಗೆ ಮುಗಿಯುತ್ತದೆಂಬುದು ಕೊನೆಯ ಸಾಲಿನಲ್ಲಿದೆ.)

೩. ಚಪ್ಪರದ ಬಾಗಿಲಲ್ಲಿ ಧೃತಿ ತೆಗೆದ ಛಾಯಾಚಿತ್ರ. ಕಾಲೆತ್ತಿ ನಗುತ್ತಿರುವವರು ನನ್ನ ಯಜಮಾನರು. ಅವರ ಪಕ್ಕದಲ್ಲಿ ಬಾಯಿ ತೆರೆದು, ತೊಡೆ ಬಡಿಯುತ್ತ ನಿಂತಿರುವ ಮಹಿಳೆಯನ್ನು ಗಮನಕ್ಕೆ ತೆಗೆದುಕೊಳ್ಳಬಾರದೆಂದು ಕೋರಿಕೆ.